ಹುಲಿಗೆ ಡಾಕ್ಟರರ ಸರ್ಟಿಫಿಕೇಟು ಕೇಳಿದ ಧನಿಗಳಿಗೆ

ಮಂಗಳೂರು,
4 ಅಕ್ಟೋಬರ್ 1983

ಬಂದರು ವಲಯದ ಅಪಾಯಕಾರಿ ಮನರಂಜನೆಗಳ ಸುರಕ್ಷತಾ ಸಮಿತಿಯ ಅಧ್ಯಕ್ಷರೂ, ಹಡಗು ನಿಲ್ಲುವ ದಕ್ಕೆಯ ಬದಿಯಲ್ಲಿ ಅಕ್ಕಿ ಗೋದಾಮು ನಡೆಸುವ ಮಾಲಕರೂ ಆದ ಶ್ರೀಮಾನ್ ಚಿತ್ತರಂಜನ ಧನಿಗಳಿಗೆ,

ಮಾನ್ಯರೇ,

ತಮ್ಮ ಎರಡು ಹುದ್ದೆಗಳಿಗೆ ಎರಡು ಬೇರೆ ಬೇರೆ ನಮಸ್ಕಾರಗಳು. ಒಂದೇ ನಮಸ್ಕಾರವನ್ನು ಇಬ್ಬರೂ ಹಂಚಿಕೊಳ್ಳಿ ಎನ್ನುವಷ್ಟು ಧೈರ್ಯ ನನಗಿಲ್ಲ. ಏಕೆಂದರೆ ಸಮಿತಿಯ ಅಧ್ಯಕ್ಷರೂ ಗೋದಾಮಿನ ಮಾಲಕರೂ ಒಂದೇ ಬಿಳಿ ಅಂಗಿಯೊಳಗೆ ಓಡಾಡುತ್ತಿದ್ದರೂ ಅವರಿಬ್ಬರಿಗೆ ಪರಸ್ಪರ ಪರಿಚಯವೇ ಇಲ್ಲ ಎಂಬ ಸಂಗತಿ ಕಳೆದ ಹದಿನೈದು ದಿನಗಳಿಂದ ಬಂದರಿನಲ್ಲಿ ಎಲ್ಲರಿಗೂ ಗೊತ್ತಾಗಿದೆ. ಈ ಪತ್ರದ ಉದ್ದೇಶ ಇಷ್ಟೆ: ಅವರಿಬ್ಬರನ್ನೂ ಒಂದು ಮೇಜಿನ ಎದುರು ಬದುರು ಕೂರಿಸುವುದು, ಆ ಮೇಜಿನ ಮೇಲೆ ಹಮಾಲಿ ಲೋಕಯ್ಯನ ಕೆಲಸವನ್ನು ಇಡುವುದು.

ಮೊದಲು ಅಧ್ಯಕ್ಷರಿಗೆ ಅಭಿನಂದನೆ. ನವರಾತ್ರಿಗೆ ಹುಲಿವೇಷ ಹಾಕುವವರ ಪ್ರಾಣ ಕಾಪಾಡಲೆಂದು ತಾವು ಹೊರಡಿಸಿದ ಹನ್ನೊಂದು ಕಲಮುಗಳ ಸುತ್ತೋಲೆಯನ್ನು ನಾನು ಮೂರು ಸಲ ಓದಿದೆ, ಓದಿದಷ್ಟು ಸಲವೂ ಹುಲಿಗಳ ಮೇಲೆ ತಮಗಿರುವ ಮಮತೆಗೆ ಕರಗಿ ಹೋದೆ. ಎರಡನೆಯ ಕಲಮಿನಂತೆ ಹುಲಿಯು ಹೆಲ್ಮೆಟ್ ಧರಿಸಿ ಕುಣಿಯಬೇಕು. ಸ್ಕೂಟರಿನವರೇ ಹೆಲ್ಮೆಟ್ ಹಾಕದ ಈ ಊರಿನಲ್ಲಿ ಒಂದು ಕಾಡುಪ್ರಾಣಿಯಾದರೂ ಹಾಕಿ ತೋರಿಸಲಿ ಎಂಬ ತಮ್ಮ ದೂರದೃಷ್ಟಿ ದೊಡ್ಡದು. ಮೂರನೆಯ ಕಲಮಿನಂತೆ ಪ್ರತಿ ಹುಲಿಯೂ ತನ್ನ ಫೋಟೋ ಅಂಟಿಸಿದ ಕಾರ್ಡನ್ನು ಕುತ್ತಿಗೆಗೆ ನೇತುಹಾಕಿಕೊಳ್ಳಬೇಕು. ಬಣ್ಣ ಹಚ್ಚಿದ ಮೇಲಿನ ಫೋಟೋವಾದರೆ ಎಲ್ಲ ಹುಲಿಗಳ ಮುಖವೂ ಒಂದೇ, ಬಣ್ಣ ಹಚ್ಚುವ ಮೊದಲಿನದಾದರೆ ಫೋಟೋದಲ್ಲಿ ಇರುವುದು ಹುಲಿಯೇ ಅಲ್ಲ, ಹೀಗಾಗಿ ಪರೀಕ್ಷೆಗೆ ನಿಲ್ಲುವ ಸ್ವಯಂಸೇವಕರ ಗತಿ ಏನೆಂದು ಸಮಿತಿ ಇನ್ನೊಂದು ಸುತ್ತೋಲೆ ಹೊರಡಿಸಬೇಕಾದೀತು. ಐದನೆಯ ಕಲಮು ಬಾಲದ ಉದ್ದವನ್ನು ಎರಡು ಅಡಿಗೆ ನಿಲ್ಲಿಸಿದೆ. ಆರನೆಯದು, ಮೈಗೆ ಹಚ್ಚಿದ ಪೇಂಟನ್ನು ಸೀಮೆಎಣ್ಣೆಯಲ್ಲಿ ತೊಳೆಯಕೂಡದು ಎನ್ನುತ್ತದೆ. ನಿಜ, ಸೀಮೆಎಣ್ಣೆಯಿಂದ ಚರ್ಮ ಸುಲಿದು ಬರುತ್ತದೆ, ತೊಳೆದವರ ತೋಳು ನಾನು ನೋಡಿದ್ದೇನೆ. ಆದರೆ ಮತ್ತೆ ಯಾವುದರಲ್ಲಿ ತೊಳೆಯಬೇಕೆಂದು ತಾವು ಬರೆದಿಲ್ಲ, ಆದ್ದರಿಂದ ತಮ್ಮ ಕಲಮಿಗೆ ಗೌರವ ಕೊಡುವ ಹುಲಿಗಳು ದೀಪಾವಳಿಯವರೆಗೂ ಹುಲಿಗಳಾಗಿಯೇ ಇದ್ದು, ಪಟ್ಟೆಗಳ ಸಮೇತ ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲಲಿವೆ.

ತಮಾಷೆ ಎಂದು ತಿಳಿಯಬೇಡಿ. ನಿಯಮವೇ ಬೇಡ, ಸಂಪ್ರದಾಯದ ಹೆಸರಿನಲ್ಲಿ ಯಾರು ಬೇಕಾದರೂ ಕುತ್ತಿಗೆ ಮುರಿದುಕೊಳ್ಳಲಿ ಎನ್ನುವವರ ಸಾಲಿನಲ್ಲಿ ನಾನಿಲ್ಲ. ಹೋದ ವರ್ಷ ಸ್ವಾಗತ ವೇದಿಕೆಯ ಎದುರು ಸುಂದರನೆಂಬ ಹುಲಿ ಮೂರು ಲಾಗ ಹಾಕಿ ನಿಂತಾಗ, ತಂಡದ ಹಿರಿಯ ಅಣ್ಣು "ಸಾಕು, ಬಾ" ಎಂದು ಕೈ ಬೀಸಿದ್ದನ್ನು ಕಣ್ಣಾರೆ ಕಂಡವಳು ನಾನು. ಅಷ್ಟರಲ್ಲಿ ವೇದಿಕೆಯ ಮೈಕಿನಿಂದ "ಇನ್ನೊಂದು! ಹುಲಿ, ಇನ್ನೊಂದು!" ಎಂಬ ಸ್ವರ ಕೇಳಿತು, ಜನ ಚಪ್ಪಾಳೆ ತಟ್ಟಿದರು, ಸುಂದರ ನಾಲ್ಕನೆಯದನ್ನು ಹಾಕಿದ, ಟಾರು ರಸ್ತೆಗೆ ಕುತ್ತಿಗೆ ಕೊಟ್ಟು ಬಿದ್ದ. ಇವತ್ತಿಗೂ ಯಾರಾದರೂ ಪಕ್ಕದಿಂದ ಕರೆದರೆ ಅವನು ಇಡೀ ಮೈ ತಿರುಗಿಸಿ ಓ ಎನ್ನಬೇಕು. ಆ ಮೈಕು ಯಾರ ಕೈಯಲ್ಲಿತ್ತು ಎಂದು ನಾನು ತಮಗೆ ನೆನಪು ಮಾಡಬೇಕಾಗಿಲ್ಲ. ತಾವು ಆಮೇಲೆ ಎರಡು ದಿನ ಊಟ ಬಿಟ್ಟಿರೆಂದೂ, ಆಸ್ಪತ್ರೆಗೆ ನಾಲ್ಕು ಸಲ ಹೋಗಿ ಬಂದಿರೆಂದೂ ಕೇಳಿದ್ದೇನೆ, ನಂಬಿಯೂ ಇದ್ದೇನೆ. ತಮ್ಮ ಸಮಿತಿ ಹುಟ್ಟಿದ್ದು ಆ ಸಂಕಟದಿಂದ. ಆದರೆ ಮಾನ್ಯರೇ, ಬಾಲದ ಉದ್ದಕ್ಕೆ ಒಂದು ಕಲಮು ಸಿಕ್ಕಿತು, ಹೆಲ್ಮೆಟ್ಟಿಗೆ ಒಂದು ಸಿಕ್ಕಿತು, ಹನ್ನೊಂದರಲ್ಲಿ ಮೈಕಿಗೆ ಮಾತ್ರ ಒಂದೂ ಸಿಗಲಿಲ್ಲವಲ್ಲ!

ಇನ್ನು ಏಳನೆಯ ಮತ್ತು ಒಂಬತ್ತನೆಯ ಕಲಮುಗಳು. ಏಳರ ಪ್ರಕಾರ ಹುಲಿಯಾಗಬಯಸುವ ಪ್ರತಿಯೊಬ್ಬನನ್ನೂ ಸಮಿತಿಯ ಡಾಕ್ಟರರು ಎಂಟು ಕಾಲಮ್ಮುಗಳ ಫಾರಮ್ಮಿನಂತೆ ಪರೀಕ್ಷಿಸಬೇಕು: ಕಣ್ಣು, ಹಲ್ಲು, ಎದೆ, ರಕ್ತದೊತ್ತಡ, ಬೆನ್ನು, ಮೊಣಕಾಲು, ಪಾದ, ಚರ್ಮ. ಎಂಟರಲ್ಲಿ ಒಂದಕ್ಕೆ ತಪ್ಪು ಬಿದ್ದರೂ ಅವನು "ಭಾರ ಎತ್ತಲು ಅಯೋಗ್ಯ". ಭಾರದ ಮಾತು ಏಕೆಂದರೆ, ಹುಲಿಗಳಲ್ಲಿ ಗಟ್ಟಿಗರು ಒಣಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ ಮುಡಿಯನ್ನು, ನಲವತ್ತು ಕಿಲೋಗೆ ಕಡಿಮೆಯಿಲ್ಲದ್ದನ್ನು, ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತಾರೆ, ಅದನ್ನು ನೋಡಲೆಂದೇ ಬಜಪೆಯಿಂದ ಬಸ್ಸು ಹತ್ತಿ ಜನ ಬರುತ್ತಾರೆ. ಒಂಬತ್ತರ ಪ್ರಕಾರ, ಅಯೋಗ್ಯರಾದವರ ಹೆಸರನ್ನು "ಅವರ ಆರೋಗ್ಯದ ಹಿತದೃಷ್ಟಿಯಿಂದ" ಅವರವರ ಮಾಲಕರಿಗೆ ಕಳುಹಿಸತಕ್ಕದ್ದು. ಇಷ್ಟು ಕರುಣೆಯ ವಾಕ್ಯವನ್ನು ಬರೆದ ಕೈಗೆ ಚಿನ್ನದ ಕಡಗ ತೊಡಿಸಬೇಕು.

ಲೋಕಯ್ಯ ತಮ್ಮ ಗೋದಾಮಿನಲ್ಲಿ ಹದಿನಾಲ್ಕು ವರ್ಷದಿಂದ ಹಮಾಲಿ. ಮೂರು ವರ್ಷದ ಹಿಂದೆ ಅವನ ಮಗಳಿಗೆ ವಿಷಮಶೀತ ಜ್ವರ ಬಂದು ಆಸ್ಪತ್ರೆಯವರು ಕೈ ಚೆಲ್ಲಿದಾಗ, ಐದು ವರ್ಷ ಹುಲಿವೇಷ ಹಾಕುತ್ತೇನೆಂದು ಅವನು ದೇವಿಗೆ ಹರಕೆ ಹೇಳಿಕೊಂಡ. ಹುಡುಗಿ ಉಳಿದಳು, ಈಗ ಶಾಲೆಗೆ ಹೋಗುತ್ತಾಳೆ, ಎರಡು ವರ್ಷದ ಹರಕೆ ತೀರಿದೆ. ಇದಕ್ಕೆ ತಮ್ಮ ಸುತ್ತೋಲೆ "ಮನರಂಜನೆ" ಎಂದು ಹೆಸರಿಟ್ಟಿದೆ, ಇರಲಿ, ದೇವಿಗೂ ಸ್ವಲ್ಪ ಮನರಂಜನೆ ಬೇಕಾಗಬಹುದು. ಲೋಕಯ್ಯ ಕಾನೂನಿಗೆ ಹೆದರುವ ಮನುಷ್ಯ, ಮೊದಲ ದಿನವೇ ಫಾರಮ್ಮು ತುಂಬಿಸಿಕೊಂಡ. ಹಮಾಲರಿಗೆ ಅರ್ಜಿ ಬರೆದುಕೊಡುವವಳು ನಾನೇ ಆದ್ದರಿಂದ ಆ ಪಾಪದಲ್ಲಿ ನನ್ನ ಪಾಲೂ ಉಂಟು. ಡಾಕ್ಟರರು ಅವನ ಬೆನ್ನುಹುರಿಯ ಮೇಲೆ ಕೈಯಾಡಿಸಿ, ಬಗ್ಗಿಸಿ, ಎಕ್ಸ್‌ರೇ ತೆಗೆಸಿ, ಎರಡು ಎಲುಬಿನ ನಡುವೆ ಸವೆತ ಇದೆ ಎಂದು ಬರೆದು "ಭಾರ ಎತ್ತಲು ಅಯೋಗ್ಯ" ಎಂದು ಸಹಿ ಹಾಕಿದರು. ಅವನು ಕೇಳಿದ್ದು ಇಷ್ಟೆ: "ಡಾಕ್ಟ್ರೇ, ಹುಲಿ ಆಗ್ಲಿಕ್ಕೆ ಆಗುದಿಲ್ಲ ಹೇಳಿದ್ರಿ, ಆಯ್ತು. ಮನುಷ್ಯ ಆಗಿ ಇರ್ಲಿಕ್ಕೆ ತೊಂದ್ರೆ ಇಲ್ಲ ಅಲ್ವಾ?" ಡಾಕ್ಟರರು ಒಳ್ಳೆಯವರು, ನಕ್ಕರು, ತೊಂದರೆ ಇಲ್ಲ ಎಂದರು. ಅವರು ಒಂಬತ್ತನೆಯ ಕಲಮನ್ನು ಓದಿರಲಿಲ್ಲ.

ಆಮೇಲೆ ನಡೆದದ್ದು ಕಚೇರಿಗಳ ಇತಿಹಾಸದಲ್ಲಿ ಸೇರಬೇಕಾದ ಸಂಗತಿ. ಸಮಿತಿಯ ಕಾರ್ಯದರ್ಶಿಯೂ ತಮ್ಮ ಗೋದಾಮಿನ ರೈಟರರೂ ಒಬ್ಬರೇ, ತ್ರಿವಿಕ್ರಮ ರಾಯರು. ಸಪ್ಟೆಂಬರ್ ಹತ್ತೊಂಬತ್ತರ ಬೆಳಿಗ್ಗೆ ಅವರು ಸಮಿತಿಯ ಲೆಟರ್‌ಹೆಡ್ಡನ್ನು ಟೈಪ್ ಮೆಷಿನ್ನಿಗೆ ಸಿಕ್ಕಿಸಿ "ಮಾನ್ಯ ಗೋದಾಮು ಮಾಲಕರೇ" ಎಂದು ಬರೆದರು. ಅಧ್ಯಕ್ಷರಾಗಿ ತಾವು ಸಹಿ ಹಾಕಿದಿರಿ. ರಾಯರು ಅದಕ್ಕೆ ಹೊರಹೋಗುವ ಪತ್ರಗಳ ನಂಬರು ಕೊಟ್ಟು, ಲಕೋಟೆಗೆ ಹಾಕಿ, ಅಂಟಿಸಿ, ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಆಚೆಗಿನ ಕುರ್ಚಿಯಲ್ಲಿ ಕುಳಿತು, ಲಕೋಟೆ ಹರಿದು, ಒಳಬರುವ ಪತ್ರಗಳ ನಂಬರು ಕೊಟ್ಟು, ಮಾಲಕರಾದ ತಮ್ಮ ಮುಂದೆ ಇಟ್ಟರು. ತಾವು ಅದನ್ನು ಮೊದಲ ಸಲ ನೋಡಿದವರಂತೆ ಗಂಭೀರವಾಗಿ ಓದಿ, "ಛೆ, ಪಾಪ" ಎಂದು, ಕೆಳಗೆ "ಇಂಥವನಿಂದ ಭಾರ ಎತ್ತಿಸುವುದು ಅಪಾಯ, ಕೂಡಲೇ ನಿಲ್ಲಿಸಿ" ಎಂದು ಷರಾ ಬರೆದಿರಿ. ಮರುದಿನದಿಂದ ಲೋಕಯ್ಯನಿಗೆ ಕೆಲಸ ಇಲ್ಲ. ಇದು ಸರಿಯೋ ಎಂದು ನಾನು ರಾಯರನ್ನು ಕೇಳಿದ್ದಕ್ಕೆ ಅವರು ಕನ್ನಡಕ ಒರೆಸುತ್ತಾ ಹೇಳಿದ ಮಾತು ಹೀಗಿತ್ತು: "ಎಂತ ಮಾಡುದು ಮಾರಾಯ್ತಿ, ಹೋಗುವ ಕಾಗದಕ್ಕೂ ನಂಬರ್ ಉಂಟು, ಬರುವ ಕಾಗದಕ್ಕೂ ನಂಬರ್ ಉಂಟು, ನಡುವೆ ಇರುವ ನನಗೆ ಮಾತ್ರ ನಂಬರ್ ಇಲ್ಲ. ನಾನು ಯಾರತ್ರ ಹೇಳ್ಲಿ?"

ಈಗ ಮಾಲಕರೊಡನೆ ಎರಡು ಮಾತು. ತಮ್ಮ ಗೋದಾಮಿನ ಬಾಗಿಲಿನಿಂದ ಮಂಜಿಗೆ, ಅಂದರೆ ದ್ವೀಪಗಳಿಗೆ ಅಕ್ಕಿ ಹೊರುವ ಆ ಮರದ ಹಾಯಿ ಹಡಗಿಗೆ, ಒಂದು ಹಲಗೆ ಹಾಕಿರುತ್ತಾರೆ. ಅಗಲ ಒಂದೂಕಾಲು ಅಡಿ, ಕೆಳಗೆ ನೀರು, ಹಿಡಿಯಲು ಹಗ್ಗ ಇಲ್ಲ, ಮಳೆಗಾಲ ಮುಗಿದ ಹೊಸತಿಗೆ ಪಾಚಿ. ಅದರ ಮೇಲೆ ಲೋಕಯ್ಯ ನೂರು ಕಿಲೋದ ಗೋಣಿಯನ್ನು ಬೆನ್ನಿಗೆ ಹಾಕಿಕೊಂಡು ದಿನಕ್ಕೆ ಅರುವತ್ತು ಎಪ್ಪತ್ತು ಸಲ ಹೋಗಿ ಬರುತ್ತಿದ್ದ. ಹುಲಿಯಾದದ್ದು ಎರಡು ವರ್ಷದಲ್ಲಿ ಆರು ದಿನ, ಎತ್ತಿದ ಮುಡಿಗಳು ಒಟ್ಟು ಹದಿಮೂರು. ಎಲುಬುಗಳ ನಡುವಿನ ಆ ಸವೆತ ಹದಿಮೂರು ಮುಡಿಗಳದ್ದೋ, ಹದಿನಾಲ್ಕು ವರ್ಷದ ಗೋಣಿಗಳದ್ದೋ ಎಂದು ತೀರ್ಮಾನಿಸಲು ಎಕ್ಸ್‌ರೇ ಬೇಕಾಗಿಲ್ಲ, ಸ್ವಲ್ಪ ನಾಚಿಕೆ ಇದ್ದರೆ ಸಾಕು. ಕುಣಿದರೆ ಅಪಾಯ, ದುಡಿದರೆ ಪುಣ್ಯ ಎಂಬುದು ಎಲ್ಲಿಯ ವೈದ್ಯಶಾಸ್ತ್ರ? ಹಲಗೆಯಿಂದ ಕಾಲು ಜಾರಿದವನು ಹಲ್ಲು ಕಿರಿದು, ತಾಸೆ ಬಡಿಸಿಕೊಂಡು ಬೀಳುವುದಿಲ್ಲ, ಸುಮ್ಮನೆ ಬೀಳುತ್ತಾನೆ. ನೋಡಲು ಜನ ಸೇರುವುದಿಲ್ಲ, ಆದ್ದರಿಂದ ಸಮಿತಿಯೂ ಸೇರುವುದಿಲ್ಲ.

ಕೆಲಸ ಹೋದ ಮೇಲೆ ಆ ಮನೆ ಅವನ ಹೆಂಡತಿ ವಿನೋದಾ ಕಟ್ಟುವ ಬೀಡಿಯ ಮೇಲೆ ನಿಂತಿದೆ. ಲೋಕಯ್ಯ ಎದುರಿಗೆ ಕುಳಿತು ಎಲೆ ಕತ್ತರಿಸಿ ಕೊಡಲು ನೋಡಿದನಂತೆ, ಗೋಣಿ ಹಿಡಿದು ದಪ್ಪವಾದ ಆ ಬೆರಳುಗಳಿಗೆ ಕತ್ತರಿ ಹೊಂದಲಿಲ್ಲ, ವಿನೋದಾ ಎಲೆಗಳನ್ನು ಕಸಿದುಕೊಂಡು "ನೀವು ಹುಲಿ ಆಗಿಯೇ ಇರಿ, ಎಲೆಯನ್ನಾದ್ರೂ ಬಿಡಿ" ಎಂದಳಂತೆ. ಅದನ್ನು ನನಗೆ ಹೇಳುವಾಗ ಅವಳು ನಗುತ್ತಿದ್ದಳು. ಅವನು ನಗಲಿಲ್ಲ.

ಈ ನಡುವೆ ತಮ್ಮ ಸಮಿತಿಗೆ ತಿಳಿಯದ ಒಂದು ಗುಟ್ಟನ್ನು ಹೇಳುತ್ತೇನೆ. ಹುಲಿಗಳಿಗೆ ನಿಯಮ ಮೊದಲೇ ಇತ್ತು. ತಂಡದ ಅಣ್ಣು ನಲವತ್ತು ವರ್ಷದಿಂದ ಹುಲಿಗಳಿಗೆ ಬಣ್ಣ ಬರೆಯುವವನು; ಕಂಕುಳಿಗೂ ಅಂಗಾಲಿಗೂ ಪೇಂಟು ಮುಟ್ಟಿಸುವುದಿಲ್ಲ, ಬೆವರಿಗೆ ದಾರಿ ಬೇಕು ಎನ್ನುತ್ತಾನೆ. ಮುಡಿ ಎತ್ತುತ್ತೇನೆ ಎಂದು ಬಂದವನು ನೀರು ತುಂಬಿದ ಕೊಡಪಾನದ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ, ಕೈ ಎರಡನ್ನೂ ಬೆನ್ನ ಹಿಂದೆ ಇಟ್ಟು, ಅಣ್ಣು ನೂರು ಎಣಿಸುವ ತನಕ ನಿಲ್ಲಬೇಕು. ಒಂದು ಹನಿ ನೀರು ಚೆಲ್ಲಿದರೂ ಆ ವರ್ಷ ಮುಡಿ ಇಲ್ಲ. ಕಳೆದ ವಾರ ಲೋಕಯ್ಯ ಆ ಪರೀಕ್ಷೆಗೂ ನಿಂತ. ನಲವತ್ತಕ್ಕೆ ಅವನ ಬೆನ್ನು ನಡುಗಿತು, ನೀರು ತುಳುಕಿತು, ಅಣ್ಣು ಎಣಿಸುವುದನ್ನು ನಿಲ್ಲಿಸಿ "ಈ ಸಲ ಮುಡಿ ಬೇಡ ಮಗಾ, ಹೆಜ್ಜೆ ಮಾತ್ರ ಹಾಕು, ದೇವಿ ಬೇಡ ಹೇಳುದಿಲ್ಲ" ಎಂದ. ಲೋಕಯ್ಯ ಕೊಡಪಾನವನ್ನು ಬಾವಿಕಟ್ಟೆಯ ಮೇಲಿಟ್ಟು ಬಂದ. ತಮ್ಮ ಡಾಕ್ಟರರು ಹೇಳಿದ್ದೂ ಅದೇ, ಅಣ್ಣು ಹೇಳಿದ್ದೂ ಅದೇ. ಅಣ್ಣುವಿನ ತೀರ್ಪು ಅವನ ಹಲ್ಲಿನಿಂದ ಮುಡಿಯನ್ನು ಮಾತ್ರ ತೆಗೆಯಿತು; ತಮ್ಮದು ಅವನ ಬಟ್ಟಲಿನಿಂದ ಗಂಜಿಯನ್ನು ತೆಗೆಯಿತು. ನಿಯಮ ಬೇಕೋ ಬೇಡವೋ ಎಂಬ ಚರ್ಚೆಗೆ ಪೇಪರಿನವರು ಎಷ್ಟು ಪುಟ ಬೇಕಾದರೂ ಕೊಡಲಿ, ನನ್ನ ಪ್ರಶ್ನೆ ಇದು: ನಿಯಮ ಬರೆಯುವವನು ಬೀಳುವವನ ಹತ್ತಿರ ನಿಂತಿದ್ದಾನೋ, ಮೈಕಿನ ಹತ್ತಿರ ನಿಂತಿದ್ದಾನೋ?

ಇಷ್ಟು ಹೊತ್ತು ದೂರು ಕೇಳಿದ ತಮಗೆ ಈಗ ಒಂದು ಸಂತೋಷದ ಸಮಾಚಾರ. ತಮ್ಮ ಸುರಕ್ಷತಾ ಯೋಜನೆಗೆ ಜನಬೆಂಬಲ ಉಕ್ಕಿ ಹರಿದಿದೆ. ತಮ್ಮ ಗೋದಾಮಿನಲ್ಲಿ ಹರಿದ ಗೋಣಿಗಳನ್ನು ಹೊಲಿಯುವ ಮುಮ್ತಾಝಕ್ಕನನ್ನು ತಾವು ಬಲ್ಲಿರಿ, ವಯಸ್ಸು ಐವತ್ತೆಂಟು, ಬಾಯಿಯಲ್ಲಿ ಯಾವಾಗಲೂ ದಬ್ಬಣ. ಲೋಕಯ್ಯನ ಸಂಗತಿಯಿಂದ ಸಿಟ್ಟಾಗಿ ಕುಳಿತಿದ್ದ ಹಮಾಲರ ನಡುವೆ ಅವರು ದಬ್ಬಣವನ್ನು ಬಾಯಿಂದ ತೆಗೆದು ಹೇಳಿದ ಮಾತು ನನ್ನ ಇಪ್ಪತ್ತು ವರ್ಷದ ಚಳವಳಿಯಲ್ಲಿ ಯಾವ ಮುಖಂಡನ ಬಾಯಿಂದಲೂ ಬರಲಿಲ್ಲ: "ಒಂದು ಹುಲಿಗೆ ಇಷ್ಟು ಕಾಗದ ಆದ್ರೆ ಇಪ್ಪತ್ತು ಹುಲಿಗೆ ಎಷ್ಟು ಆಗ್ಬಹುದು? ಒಮ್ಮೆ ನೋಡುವನಾ ಮಾರಾಯ್ರೆ?" ಹಮಾಲರು ಒಬ್ಬರ ಮುಖ ಒಬ್ಬರು ನೋಡಿದರು. ಬಾಸಿಲ್ ಎಂಬ ಹಿರಿಯ ಹಮಾಲಿ, ಜೀವಮಾನದಲ್ಲಿ ಹಬ್ಬದ ಬ್ಯಾಂಡಿಗೂ ಕಾಲು ಕುಣಿಸದವರು, "ನಾನೂ ಹುಲಿಯಾ? ನನ್ನ ಹೊಟ್ಟೆ ನೋಡಿದ್ರೆ ಹುಲಿಯೇ ಹೆದರಿ ಓಡೀತು" ಎಂದರು, ಆದರೆ ಮೊದಲ ಅರ್ಜಿಗೆ ಹೆಬ್ಬೆಟ್ಟು ಒತ್ತಿದವರೂ ಅವರೇ. ಅದೇ ಸಂಜೆ ಹತ್ತೊಂಬತ್ತು ಹಮಾಲರೂ ಮುಮ್ತಾಝಕ್ಕನೂ ಹುಲಿಗಳಾಗುವ ಇಚ್ಛೆ ವ್ಯಕ್ತಪಡಿಸಿ ಇಪ್ಪತ್ತು ಅರ್ಜಿಗಳನ್ನು ತುಂಬಿದರು. ಹುಲಿ ಗಂಡೋ ಹೆಣ್ಣೋ ಎಂಬ ಕಾಲಮ್ಮು ತಮ್ಮ ಫಾರಮ್ಮಿನಲ್ಲಿ ಇಲ್ಲ, ಅದು ತಮ್ಮ ಪ್ರಗತಿಪರ ಮನೋಭಾವ.

ಶನಿವಾರ ಡಾಕ್ಟರರು ಇಪ್ಪತ್ತೂ ಜನರನ್ನು ಪರೀಕ್ಷಿಸಿದರು. ಮಧ್ಯಾಹ್ನದ ಹೊತ್ತಿಗೆ ಅವರ ನಗು ಹೋಗಿತ್ತು. ಬಾಸಿಲ್‌ಗೆ ರಕ್ತದೊತ್ತಡ, ಆರು ಜನರಿಗೆ ಬೆನ್ನು, ನಾಲ್ವರಿಗೆ ಮೊಣಕಾಲು, ಮೂವರಿಗೆ ಗೋದಾಮಿನ ಧೂಳು ಕುಡಿದು ಕುಡಿದು ಸಿಳ್ಳೆ ಹೊಡೆಯುವ ಎದೆ, ಉಳಿದವರಿಗೆ ಕಣ್ಣೋ ಪಾದವೋ. ಇಪ್ಪತ್ತೆರಡು ವಯಸ್ಸಿನ ಜೋನ್ ಒಬ್ಬನಾದರೂ ಪಾಸಾಗುತ್ತಾನೆಂದು ನೋಡಿದರೆ ಅವನ ಚರ್ಮದ ತುಂಬ ಗೋಣಿಯ ತುರಿ. ಎಂಟರಲ್ಲಿ ಒಂದು ತಪ್ಪು ಸಾಕು ಎಂದು ತಾವೇ ಬರೆದಿದ್ದೀರಿ. ಹತ್ತೊಂಬತ್ತು ಹಮಾಲರೂ ಭಾರ ಎತ್ತಲು ಅಯೋಗ್ಯರು. ಡಾಕ್ಟರರು ಈ ಸಲ ಒಂಬತ್ತನೆಯ ಕಲಮನ್ನೂ ಓದಿ, ಫಾರಮ್ಮಿನ ಅಂಚಿನಲ್ಲಿ "ಸಮಿತಿಯು ದಕ್ಕೆಗೆ ಒಮ್ಮೆ ಬಂದು ನೋಡುವುದು ಒಳ್ಳೆಯದು" ಎಂದು ತಾವಾಗಿ ಒಂದು ಸಾಲು ಸೇರಿಸಿದ್ದಾರೆ.

ನಿನ್ನೆ ತ್ರಿವಿಕ್ರಮ ರಾಯರು ಹತ್ತೊಂಬತ್ತು ಪತ್ರಗಳನ್ನು ಟೈಪು ಮಾಡಿದರು. ಅವು ಈಗ ತಮ್ಮ ಮೇಜಿನ ಮೇಲೆ ಅಧ್ಯಕ್ಷರ ಸಹಿಗೆ ಕಾಯುತ್ತಿವೆ. ಹೊರಗೆ ಈ ಋತುವಿನ ಮೊದಲ ಮಂಜಿ ಅರ್ಧ ಹೊಟ್ಟೆಯಲ್ಲಿ ಕಟ್ಟಿಕೊಂಡು ನಿಂತಿದೆ. ತಮ್ಮ ಉತ್ತರ ಬರುವ ತನಕ ಅಯೋಗ್ಯರು ತಂತಮ್ಮ ಆರೋಗ್ಯದ ಹಿತದೃಷ್ಟಿಯಿಂದ ಹಲಗೆ ಹತ್ತುವುದಿಲ್ಲ ಎಂದು ನೆರಳಿನಲ್ಲಿ ಕುಳಿತಿದ್ದಾರೆ. ಸಹಿ ಹಾಕಿದಿರೋ, ಮಾಲಕರು ಹತ್ತೊಂಬತ್ತು ಜನರನ್ನೂ ಕೆಲಸದಿಂದ ತೆಗೆದು ಮಂಜಿಗೆ ತಾವೇ ಅಕ್ಕಿ ತುಂಬಬೇಕು. ಸಹಿ ಹಾಕದಿದ್ದಿರೋ, ಹತ್ತೊಂಬತ್ತು ಅಯೋಗ್ಯರಿಗೆ ಸಲ್ಲುವ ಕೆಲಸ ಇಪ್ಪತ್ತನೆಯ ಅಯೋಗ್ಯನಾದ ಲೋಕಯ್ಯನಿಗೆ ಏಕೆ ಸಲ್ಲಲಿಲ್ಲವೆಂದು ಬಂದರಿಗೆ ಹೇಳಬೇಕು. ಬದಲಿ ಆಳುಗಳನ್ನು ತರಿಸುವ ಯೋಚನೆ ಇದ್ದರೆ ಅವರಿಗೂ ಹುಲಿಯ ಫಾರಮ್ಮು ಕೊಡಲು ನಾನು ಗೇಟಿನಲ್ಲಿಯೇ ಇರುತ್ತೇನೆ, ಇನ್ನೂರು ಪ್ರತಿ ಸೈಕ್ಲೋಸ್ಟೈಲ್ ಮಾಡಿಸಿಟ್ಟಿದ್ದೇನೆ.

ಆದ್ದರಿಂದ ಕೈಮುಗಿದು ಕೇಳುವುದೇನೆಂದರೆ, ಅಧ್ಯಕ್ಷರು ಮಾಲಕರನ್ನು ಕೂಡಲೇ ಭೇಟಿಯಾಗಬೇಕು. ಕನ್ನಡಿಯ ಎದುರಾದರೂ ಸರಿ. ಹೆಲ್ಮೆಟ್ಟನ್ನು ಹುಲಿಗೆ ಬೇಡ, ಮೇಲಿಂದ ಗೋಣಿ ಉರುಳುವ ಅಟ್ಟಿಯ ಕೆಳಗೆ ನಿಲ್ಲುವವನಿಗೆ ಕೊಡಲಿ. ಬಾಲದಿಂದ ಉಳಿಸಿದ ಹಗ್ಗವನ್ನು ಹಲಗೆಯ ಎರಡೂ ಬದಿಗೆ ಕಟ್ಟಲಿ. ಗೋಣಿಯನ್ನು ನೂರರಿಂದ ಐವತ್ತಕ್ಕೆ ಇಳಿಸಲಿ. ಸಮಿತಿಯ ಒಂದು ಕುರ್ಚಿಯಲ್ಲಿ ಅಣ್ಣುವನ್ನು, ಇನ್ನೊಂದರಲ್ಲಿ ಸುಂದರನನ್ನು ಕೂರಿಸಲಿ. ಹುಲಿ ಕುಣಿಯುವ ಕಡೆ ಟಾರಿನ ಮೇಲೆ ಮರಳು ಹಾಕಿಸಲಿ. ಮೈಕನ್ನು ಹಬ್ಬ ಮುಗಿಯುವ ತನಕ ಬಿಜೈಯ ನನ್ನ ಮನೆಯಲ್ಲಿ ಭದ್ರವಾಗಿಡಲು ಕೊಡಲಿ. ಲೋಕಯ್ಯ ನಾಳೆ ಬೆಳಿಗ್ಗೆ ಏಳಕ್ಕೆ ಗೋದಾಮಿನ ಬಾಗಿಲಿಗೆ ಬರುತ್ತಾನೆ. ತೂಕದ ಮಾಪಿನ ಬಳಿ ನಿಂತು ಗುರುತು ಹಾಕುವ ಕೆಲಸ ತಮ್ಮಲ್ಲಿ ಖಾಲಿ ಇದೆ, ಅದಕ್ಕೆ ಬೆನ್ನು ಬೇಡ, ಕಣ್ಣು ಸಾಕು, ಅವನ ಕಣ್ಣಿಗೆ ಡಾಕ್ಟರರು ಸರಿ ಗುರುತು ಹಾಕಿದ್ದಾರೆ. ಅವನ ಹೆಸರು ಕರೆದರೆ ಹತ್ತೊಂಬತ್ತು ಜನ ಏಳುತ್ತಾರೆ, ಕರೆಯದಿದ್ದರೆ ಹತ್ತೊಂಬತ್ತು ಜನ ಕುಳಿತಿರುತ್ತಾರೆ. ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ.

ಅಧ್ಯಕ್ಷರ ಮೇಲೆ ಇನ್ನೂ ಒಂದಿಷ್ಟು ವಿಶ್ವಾಸ ಉಳಿಸಿಕೊಂಡಿರುವ, ಮಾಲಕರಿಗೆ ಅದನ್ನು ನಾಳೆ ಏಳು ಗಂಟೆಯವರೆಗೆ ಸಾಲ ಕೊಟ್ಟಿರುವ,
ತಮ್ಮ ವಿಶ್ವಾಸಿ,
ಶಶಿಪ್ರಭಾ, ಬಿಜೈ

ತಾ.ಕ.: ಇಪ್ಪತ್ತನೆಯ ಅರ್ಜಿಯ ಫಲಿತಾಂಶ ತಿಳಿಸುವುದು ಮರೆತಿತ್ತು. ಮುಮ್ತಾಝಕ್ಕ ಎಂಟು ಕಾಲಮ್ಮುಗಳಲ್ಲಿಯೂ ಪಾಸು. ಡಾಕ್ಟರರು "ಭಾರ ಎತ್ತಲು ಯೋಗ್ಯ" ಎಂದು ಸಂತೋಷದಿಂದ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಹೀಗಾಗಿ ತಮ್ಮದೇ ಕಲಮುಗಳ ಪ್ರಕಾರ ಇವತ್ತು ತಮ್ಮ ಗೋದಾಮಿನಿಂದ ಮಂಜಿಗೆ ಅಕ್ಕಿ ಹೊರಲು ಅರ್ಹತೆ ಇರುವವರು ಅವರೊಬ್ಬರೇ. ಅವರಿಗೆ ಅಭ್ಯಂತರವೂ ಇಲ್ಲ. "ಗೋಣಿಯ ಒಂದು ತುದಿ ನಾನು ಹಿಡೀತೇನೆ, ಇನ್ನೊಂದು ತುದಿ ಧನಿ ಬಂದು ಹಿಡೀಲಿ" ಎಂದು ಹೇಳಿ ಕಳುಹಿಸಿದ್ದಾರೆ. ಬರುವ ಮೊದಲು ತಾವೂ ಒಂದು ಫಾರಮ್ಮು ತುಂಬಬೇಕಾಗುತ್ತದೆ.